ಐವತ್ತೆರಡನೇ ವಾರ

ಟೈಮ್‌ಶೇರ್‌ನವರ (ರಜೆಯ ಕೋಣೆಯನ್ನು ವರ್ಷಕ್ಕಿಷ್ಟು ವಾರದ ಲೆಕ್ಕದಲ್ಲಿ ಕೊಂಡವರ) ಪಂಚಾಂಗವೇ ಬೇರೆ. ಅಲ್ಲಿ ವರ್ಷವೆಂದರೆ ನಂಬರ್ ಹಾಕಿದ ವಾರಗಳು. ಕ್ರಿಸ್‌ಮಸ್ ಬೀಳುವುದು ಸಾಮಾನ್ಯವಾಗಿ 51 ಅಥವಾ 52ರಲ್ಲಿ. ಕೊಲರಾಡೊದ ಹಿಮದೂರುಗಳಲ್ಲಿ ಆ ವಾರಕ್ಕೆ ಎಲ್ಲಿಲ್ಲದ ಬೇಡಿಕೆ. ಅದೇ ಕೋಣೆಯ ಮೇ ತಿಂಗಳ ವಾರ ಪುಕ್ಕಟೆ ಕೊಟ್ಟರೂ ಬೇಡ ಅನ್ನುತ್ತಾರೆ. ಹಿಮ ಕರಗಿ ಊರೆಲ್ಲ ಕೆಸರು, ವರ್ಷವರ್ಷದ ನಿರ್ವಹಣಾ ಶುಲ್ಕ ಮಾತ್ರ ತಪ್ಪುವುದಿಲ್ಲ!

ಇಂಥ ವಾರವನ್ನು ಮಾರಲು ಹೊರಟಾಗ "ಗಿರಾಕಿ ರೆಡಿ ಇದ್ದಾರೆ ಸಾರ್, ಮೊದಲು ತೆರಿಗೆ ಕಟ್ಟಿಬಿಡಿ" ಅಂತ ಫೋನ್ ಬಂದರೆ ನಾನಂತೂ ಅಲ್ಲೇ ಇಟ್ಟುಬಿಡುತ್ತೇನೆ. ನನಗೆ ನಂಬಿಕೆ ಬರುವುದು ಲೈಸೆನ್ಸ್ ತೋರಿಸಿ, ಮಾರಾಟ ಮುಗಿದ ಮೇಲೆ ಕಮಿಷನ್ ಕೇಳುವ ದಲ್ಲಾಳಿಯ ಮೇಲೆ. "ನಿಮ್ಮ ವಾರಕ್ಕೆ ಅಷ್ಟೆಲ್ಲ ಬರಲ್ಲ" ಅಂತ ಮುಖಕ್ಕೇ ಹೇಳಿದರೆ ಇನ್ನೂ ಒಳ್ಳೆಯದು.

ಅಂದಹಾಗೆ, ಇಂಥ ಫೋನ್ ದಂಧೆಯ ಹಿಂದೆ ಮೆಕ್ಸಿಕೊದ ಹಲಿಸ್ಕೊ ಡ್ರಗ್ಸ್ ಗ್ಯಾಂಗೇ ಇದೆಯೆಂದು ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ನಿರ್ಬಂಧ ಹೇರಿತ್ತು.