ಒಲೆ ಹಚ್ಚದ ಮನೆಗಳು

ಸಿನಿಮಾ ಶೂಟಿಂಗ್ ಆದ ಜಾಗ ನೋಡೋಕೆ ದುಡ್ಡು ಖರ್ಚು ಮಾಡಿಕೊಂಡು ಹೋಗೋರಲ್ಲಿ ಎರಡು ಥರ. ನಾಯಕ ನಿಂತ ಕಡೆಯೇ ನಿಂತು, ಅದೇ ಪೋಸ್‌ನಲ್ಲಿ ಫೋಟೊ ತೆಗೆಸಿಕೊಳ್ಳೋರು ಒಂದು ಥರ. ಅವರ ಜೊತೆ ಬಂದು, ಸುತ್ತ ಒಂದ್ಸಲ ನೋಡಿ, ‘ಇದ್ರಾಗೇನೈತೆ?’ ಅಂತ ಕೇಳೋರು ಇನ್ನೊಂದು ಥರ. ನಮ್ಮ ಮನೆಯಲ್ಲಿ ಮೊದಲನೆಯವನು ನಾನು, ಎರಡನೆಯವನು ನಮ್ಮಪ್ಪ. ಇಬ್ಬರೂ ಸೇರಿ, ಅಮ್ಮ, ಹೆಂಡತಿ ಮತ್ತು ಏಳು ವರ್ಷದ ಮಗಳನ್ನೂ ಕರೆದುಕೊಂಡು, ದಸರಾ ರಜೆಯಲ್ಲಿ ನ್ಯೂಜಿಲೆಂಡಿಗೆ ಹೋಗಿದ್ದೆವು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ತೆಗೆದ ಜಾಗಗಳನ್ನು ನೋಡೋಕೆ.

ಈ ಹುಚ್ಚು ನನಗೆ ಹಿಡಿದದ್ದು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಇಂಗ್ಲಿಷ್ ಡೈಲಾಗು ಕಿವಿಗೆ ಬೀಳುತ್ತಿತ್ತೇ ಹೊರತು ತಲೆಗೆ ಹೋಗುತ್ತಿರಲಿಲ್ಲ. ಆದರೂ ಕಥೆ ಅರ್ಥವಾಯಿತು. ಹೊಲ, ಮನೆ, ಊಟ ಬಿಟ್ಟು ಬೇರೇನೂ ಬೇಡದ ಒಂದು ಹಳ್ಳಿ. ಅಲ್ಲಿನ ನಾಲ್ಕು ಹುಡುಗರು ಯಾವುದೋ ಕೆಲಸಕ್ಕೆ ಅಂತ ಊರು ಬಿಡುತ್ತಾರೆ. ಹೊರಗಿನ ಪ್ರಪಂಚ ದೊಡ್ಡದು, ಅಲ್ಲಿ ಎಲ್ಲರೂ ಇವರಿಗಿಂತ ಎತ್ತರ. ತಿಪಟೂರು ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದವನಿಗೆ ಇದಕ್ಕೆಲ್ಲ ಸಬ್‌ಟೈಟಲ್ ಬೇಕಾಗಿರಲಿಲ್ಲ. 2001, 2002, 2003ರಲ್ಲಿ ಬಂದ ಮೂರೂ ಭಾಗಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೂರನೆಯದಕ್ಕೆ ಹನ್ನೊಂದು ಆಸ್ಕರ್ ಬಂತು ಅನ್ನುವುದು ನನಗೆ ನಮ್ಮೂರಿನವರೇ ಯಾರೋ ಗೆದ್ದಷ್ಟು ಹೆಮ್ಮೆಯ ವಿಷಯ.

ಅಪ್ಪನನ್ನು ಒಪ್ಪಿಸಿದ್ದು ಸಿನಿಮಾ ಹೆಸರು ಹೇಳಿ ಅಲ್ಲ. ‘ಅಲ್ಲಿ ಜನಕ್ಕಿಂತ ಕುರಿ ಜಾಸ್ತಿ’ ಅಂದೆ. ಅದನ್ನ ನೋಡಬೇಕು ಅಂದ, ಹೊರಟ.

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲೇ ಅಪ್ಪನಿಗೆ ಆ ದೇಶದ ಮೇಲೆ ಗೌರವ ಬಂತು. ಅಲ್ಲಿ ಹೊರಗಿನ ಬೀಜ, ಜೇನು, ಹಣ್ಣು, ಮಣ್ಣು ಒಳಗೆ ಬರದಂತೆ ಬಲು ಕಟ್ಟುನಿಟ್ಟು. ಹೇಳದೆ ತಂದರೆ ಅಲ್ಲೇ 400 ಡಾಲರ್ ದಂಡ. ತೋಟದಲ್ಲಿ ಹಾಕುವ ಚಪ್ಪಲಿ ಚೀಲದಲ್ಲಿದೆ ಅಂತ ಫಾರ್ಮ್‌ನಲ್ಲಿ ಬರೆದಿದ್ದೆವು. ಅಧಿಕಾರಿಯೊಬ್ಬಳು ಅದನ್ನು ತಿರುಗಿಸಿ, ಅಟ್ಟೆಯನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಅಮ್ಮ ಎರಡು ಸಲ ತಿಕ್ಕಿ ತೊಳೆದಿದ್ದ ಚಪ್ಪಲಿ, ಪಾಸಾಯಿತು. ‘ಮಣ್ಣಂದ್ರೆ ಏನು ಅಂತ ಇವ್ರಿಗೆ ಗೊತ್ತೈತೆ ಕಣಪ್ಪ’ ಅಂದ ಅಪ್ಪ.

ಆಕ್ಲೆಂಡ್‌ನಿಂದ ಮಾಟಮಾಟಾ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ಅಲ್ಲೂ ನಮ್ಮ ಥರ ಎಡಗಡೆಯೇ ಗಾಡಿ ಓಡಿಸೋದು. ದಾರಿಯುದ್ದಕ್ಕೂ ಹಸಿರು ದಿಬ್ಬ, ತಂತಿ ಬೇಲಿ, ಹಸು, ಕುರಿ. ‘ಕುರಿ ಕಾಯೋರು ಎಲ್ಲವ್ರೆ?’ ಅಂತ ಅಪ್ಪ ಮೂರು ಸಲ ಕೇಳಿದ. ಕಾಯೋರು ಇರಲಿಲ್ಲ. ಬೇಲಿ ಇತ್ತು, ಒಂದು ಕಡೆ ನಾಯಿ ಕಂಡಿತು, ಅಷ್ಟೆ.

ಹಾಬಿಟನ್ ಅನ್ನುವ ಸಿನಿಮಾ ಹಳ್ಳಿ ಇರೋದು 1,250 ಎಕರೆಯ ಒಂದು ಜಮೀನಿನ ಒಳಗೆ. 1998ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಆಕಾಶದಿಂದ ಜಾಗ ಹುಡುಕುವಾಗ ಇದು ಕಣ್ಣಿಗೆ ಬಿತ್ತಂತೆ. ಒಂದು ದೊಡ್ಡ ಮರ, ಮುಂದೆ ಕೆರೆ, ಸುತ್ತ ದಿಬ್ಬ. ಲೈಟ್ ಕಂಬ, ಟಾರು ರಸ್ತೆ ಯಾವುದೂ ಇಲ್ಲ. ತಂಡದವನು ಬಂದು ಬಾಗಿಲು ಬಡಿದಾಗ ಮನೆ ಯಜಮಾನ ಟಿವಿಯಲ್ಲಿ ರಗ್ಬಿ ಮ್ಯಾಚ್ ನೋಡುತ್ತಿದ್ದ, ಮ್ಯಾಚ್ ಮುಗಿದ ಮೇಲೆ ಬಾ ಅಂದ ಅನ್ನುವ ಕಥೆಯನ್ನು ನಮ್ಮ ಗೈಡ್ ಹುಡುಗಿ ಹೇಳಿದಳು. ನಾನು ಅನುವಾದ ಮಾಡಿದೆ. ಅಪ್ಪ ಜೋರಾಗಿ ನಕ್ಕ. ಆ ಯಜಮಾನ ಅವನಿಗೆ ಅಲ್ಲೇ ನೆಂಟನಾಗಿಬಿಟ್ಟ.

1999ರಲ್ಲಿ ಕೆಲಸ ಶುರುವಾಗಿ, ನ್ಯೂಜಿಲೆಂಡ್ ಸೇನೆಯವರೇ ಬಂದು ಜಮೀನಿನೊಳಗೆ ರಸ್ತೆ ಮಾಡಿಕೊಟ್ಟರು. ಆಗ ಕಟ್ಟಿದ ಮನೆಗಳು ಪ್ಲೈವುಡ್ಡು, ಥರ್ಮಾಕೋಲಿನವು. ಶೂಟಿಂಗ್ ಮುಗಿದ ಮೇಲೆ ಕಿತ್ತು ಹಾಕಬೇಕಿತ್ತು, ಅರ್ಧ ಕಿತ್ತರು ಕೂಡ. ಅಷ್ಟರಲ್ಲಿ ಹವಾಮಾನ ಕೆಟ್ಟು ಕೆಲಸ ನಿಂತಿತು, ಒಂದಷ್ಟು ಬೋಳು ಮುಖಗಳು ಉಳಿದವು. ಅದನ್ನೇ ನೋಡಲು ಜನ ಬರತೊಡಗಿದರು. 2002ರಿಂದ ಟಿಕೆಟ್ ಇಟ್ಟು ತೋರಿಸಲು ಶುರು ಮಾಡಿದರು. ಮುಂದೆ ‘ದಿ ಹಾಬಿಟ್’ ಸಿನಿಮಾಗಳಿಗಾಗಿ ಎಲ್ಲವನ್ನೂ ಗಟ್ಟಿಮುಟ್ಟಾಗಿ, ಉಳಿಯುವ ಹಾಗೆ ಕಟ್ಟಿದರು. ಈಗ ಇರುವುದು 44 ಮನೆ. ದಿಬ್ಬದ ಹೊಟ್ಟೆಯಲ್ಲಿ ದುಂಡನೆಯ ಬಾಗಿಲು. ಒಂದು ಹಳದಿ, ಒಂದು ನೀಲಿ, ತುದಿಯಲ್ಲಿ ಆ ಪ್ರಸಿದ್ಧ ಹಸಿರು.

ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಹೆಂಡತಿ ವಿಡಿಯೊ ಮಾಡಿದಳು.

ಅಮ್ಮ ನೋಡಿದ್ದು ಬೇರೆಯದನ್ನೇ. ಒಂದು ಮನೆ ಮುಂದೆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಇನ್ನೊಂದರ ಮುಂದೆ ಕುಂಬಳಕಾಯಿ, ಕೊಡಲಿ, ಸೀಳಿದ ಸೌದೆ. ತರಕಾರಿ ಮಡಿಯಲ್ಲಿ ನಿಜವಾದ ಕೋಸು. ‘ಯಾರೂ ಕಾಣ್ತಿಲ್ವಲ್ಲ, ಕೆಲಸಕ್ಕೆ ಹೋಗವ್ರಾ?’ ಅಂದಳು. ಯಾರೂ ಇಲ್ಲಮ್ಮ, ಬಾಗಿಲ ಹಿಂದೆ ಒಂದೆರಡು ಹೆಜ್ಜೆ ಜಾಗ, ಆಮೇಲೆ ಬರೀ ಮಣ್ಣು, ಒಳಗಿನ ದೃಶ್ಯ ಎಲ್ಲ ವೆಲ್ಲಿಂಗ್ಟನ್‌ನ ಸ್ಟುಡಿಯೊದಲ್ಲಿ ತೆಗೆದಿದ್ದು ಅಂತ ವಿವರಿಸಿದೆ. ಕೆಲವು ಬಾಗಿಲು ಬೇಕಂತಲೇ ಚಿಕ್ಕವು, ಪಕ್ಕದಲ್ಲಿ ನಿಂತ ಮಾಂತ್ರಿಕ ದೊಡ್ಡದಾಗಿ ಕಾಣಲಿ ಅಂತ. ಕೆಲವು ದೊಡ್ಡವು, ನಟರು ಕುಳ್ಳಗೆ ಕಾಣಲಿ ಅಂತ. ದಿಬ್ಬದ ಮೇಲಿನ ಆಲದಷ್ಟು ದೊಡ್ಡ ಓಕ್ ಮರವೂ ನಿಜವಲ್ಲ; ಉಕ್ಕಿನ ಮರಕ್ಕೆ ಲಕ್ಷಗಟ್ಟಲೆ ಕೃತಕ ಎಲೆ ಕಟ್ಟಿದ್ದಾರೆ.

‘ಮತ್ತೆ ಈ ಹೂವು?’

‘ಹೂವು ನಿಜ. ನೋಡ್ಕೊಳ್ಳೋಕೆ ತೋಟಗಾರರು ಇದ್ದಾರೆ.’

ಅಮ್ಮ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಅಂದಳು: ‘ನಮ್ಮ ಮೇಗಳ ಬೀದೀಲೂ ಹಿಂಗೇ ಆಗೈತಲ್ಲ ಮಗಾ. ಬಾಗ್ಲು ಅವೆ, ಒಲೆ ಹಚ್ಚೋರಿಲ್ಲ. ಇವ್ರು ಪಾಪ, ಇಲ್ದೋರ ಮನೆ ಮುಂದೂ ಕಸ ಗುಡಿಸ್ತಾರೆ.’

ನಮ್ಮ ಮೇಗಳ ಬೀದಿಯ ಹದಿನಾಲ್ಕು ಮನೆಗಳಲ್ಲಿ ಈಗ ಒಂಬತ್ತಕ್ಕೆ ಬೀಗ. ಮಕ್ಕಳೆಲ್ಲ ಬೆಂಗಳೂರು, ತುಮಕೂರು, ಒಬ್ಬ ಡಲ್ಲಾಸ್. ಹಬ್ಬಕ್ಕೆ ಬಂದರೆ ಬೀಗ ತೆಗೆಯೋಕೆ ಎಣ್ಣೆ ಬಿಡಬೇಕು. ಆ ಮನೆಗಳಲ್ಲಿ ಬೆಳೆದ ಹುಡುಗರು ನನ್ನ ಥರದವರೇ: ನಾಳೆ ನಮ್ಮ ಮನೆಗೂ ಹಾಗೇ ಆಗಬಹುದು ಅನ್ನುವುದು ನಮ್ಮೆಲ್ಲರಿಗೂ ಗೊತ್ತು, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಅಮ್ಮ ಭೂಮಿಯ ಇನ್ನೊಂದು ತುದಿಯಲ್ಲಿ, ಯಾರೂ ಇಲ್ಲದ ಮನೆಯ ಒಣಗಿದ ಬಟ್ಟೆ ನೋಡುತ್ತಾ ಹೇಳಿದಳು.

2023ರ ಕೊನೆಯಿಂದ ಒಂದು ಸಾಲಿನಲ್ಲಿ ಮನೆಯೊಳಗೂ ಬಿಡುತ್ತಾರೆ. ಅಡುಗೆಮನೆ, ಹಾಸಿಗೆ, ಊಟದ ಮೇಜು, ಎಲ್ಲವನ್ನೂ ಮುಟ್ಟಿ ನೋಡಬಹುದು. ಮಗಳು ಹಾಸಿಗೆ ಮೇಲೆ ಬಿದ್ದುಕೊಂಡಳು. ಅಮ್ಮ ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ತೂಕ ನೋಡಿದಳು.

ಟೂರ್ ಮುಗಿಯುವುದು ‘ಗ್ರೀನ್ ಡ್ರ್ಯಾಗನ್’ ಅನ್ನುವ ಹೆಂಡದಂಗಡಿಯಲ್ಲಿ. ಟಿಕೆಟ್‌ನಲ್ಲೇ ಒಂದು ಮಗ್ ಪಾನೀಯ ಸೇರಿರುತ್ತದೆ. ಅಪ್ಪ ಜಿಂಜರ್ ಬಿಯರ್ ತಗೊಂಡ, ನಾನು ಹೆಸರು ಕೇಳಿ ಗಾಬರಿಯಾಗಬೇಡ, ಶುಂಠಿ ಪಾನಕ ಅದು ಅಂದ ಮೇಲೆ. ಮೂರನೇ ಸಿನಿಮಾದ ಕೊನೆಯಲ್ಲಿ ಆ ನಾಲ್ವರು ಪ್ರಪಂಚವನ್ನೇ ಉಳಿಸಿ ಊರಿಗೆ ವಾಪಸ್ ಬಂದು ಇದೇ ಅಂಗಡಿಯಲ್ಲಿ ಕೂರುತ್ತಾರೆ. ಸುತ್ತ ಇರೋರೆಲ್ಲ ಒಂದು ದೊಡ್ಡ ಕುಂಬಳಕಾಯಿಯ ಸಂಭ್ರಮದಲ್ಲಿದ್ದಾರೆ. ಇವರನ್ನು ಯಾರೂ ಏನೂ ಕೇಳುವುದಿಲ್ಲ. ಇವರಿಗೂ ಹೇಳಲು ಬರುವುದಿಲ್ಲ. ನಾಲ್ಕು ಜನ ಮಗ್ ಎತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಷ್ಟೆ. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಯುದ್ಧಗಳಿಗಿಂತ ದೊಡ್ಡ ದೃಶ್ಯ ಅದು. ರಾತ್ರಿ ಮೂರಕ್ಕೆ ಪ್ರೊಡಕ್ಷನ್ ಸರ್ವರ್ ಎಬ್ಬಿಸಿ, ಬೆಳಿಗ್ಗೆ ಬಸ್ ಹತ್ತಿ ಊರಿಗೆ ಹೋದರೆ ನನ್ನನ್ನೂ ಕೇಳೋದು ‘ಅಲ್ಲಿ ಮಳೆ ಆಯ್ತಾ?’ ಅಂತಲೇ.

ಇದನ್ನು ಅಪ್ಪನಿಗೆ ಹೇಳಿದೆ. ಅವನು ಪಾನಕ ಗುಟುಕರಿಸಿ, ‘ಕುಂಬಳಕಾಯಿ ಬೆಳೆದೋನ ಕಷ್ಟ ಅವ್ರು ಕೇಳಿದ್ರಾ?’ ಅಂದ.

ನನ್ನ ಹತ್ತಿರ ಉತ್ತರವಿರಲಿಲ್ಲ. ಹೆಂಡತಿ ನಗು ತಡೆಯಲಾರದೆ ಎದ್ದು ಹೋದಳು.

ಅಲ್ಲಿಂದ ದಕ್ಷಿಣಕ್ಕೆ ಟೊಂಗರಿರೊ. ಸಿನಿಮಾದಲ್ಲಿ ಉಂಗುರವನ್ನು ಎಸೆಯುವ ಬೆಂಕಿ ಬೆಟ್ಟ ಇದೆಯಲ್ಲ, ಅದರ ರೂಪ ಬಂದಿರೋದು ಇಲ್ಲಿನ ನೌರುಹೊಯೆ ಅನ್ನುವ ಜ್ವಾಲಾಮುಖಿಯಿಂದ. ಅಚ್ಚಿನಲ್ಲಿ ಹೊಯ್ದ ಹಾಗೆ ಶಂಕುವಿನಾಕಾರ, ಅಕ್ಟೋಬರ್‌ನಲ್ಲಿ ನೆತ್ತಿಯಲ್ಲಿ ಹಿಮ. ಮಾವೊರಿ ಜನಕ್ಕೆ ಈ ಶಿಖರಗಳು ಪವಿತ್ರ. ಹಾಗಾಗಿ ಸಿನಿಮಾದವರು ಕಲ್ಲುಬಂಡೆಯ ದೃಶ್ಯಗಳನ್ನು ಪಕ್ಕದ ರುಆಪೆಹು ಬೆಟ್ಟದ ಇಳಿಜಾರಿನಲ್ಲಿ ತೆಗೆದರು. ನಡೆದು ಹೋಗುವವರಿಗೂ ನೌರುಹೊಯೆ ತುದಿಗೆ ಹತ್ತಬೇಡಿ ಅಂತ ಅಲ್ಲಿನ ಇಲಾಖೆ ಕೇಳಿಕೊಳ್ಳುತ್ತದೆ. ಅಪ್ಪನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ದೇವರ ಬೆಟ್ಟ ಅಂದರೆ ಏನು ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರಿಂದ ಇಳಿದವನೇ ಚಪ್ಪಲಿ ಬಿಟ್ಟು ಕೈಮುಗಿದ.

ಅವನಿಗೆ ಹಿಡಿಸಿದ್ದು ಬೆಟ್ಟದ ಇನ್ನೊಂದು ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರ ಭೂಮಿ ಕೋರ್ಟುಗಳು ಬಂದು, ಬುಡಕಟ್ಟಿನ ಜಮೀನೆಲ್ಲ ಭಾಗವಾಗಿ, ತುಂಡು ತುಂಡಾಗಿ ಮಾರಾಟವಾಗುತ್ತಿತ್ತು. ತೂಫರೆಟೋವ ಬುಡಕಟ್ಟಿನ ನಾಯಕನಿಗೆ ಬೆಟ್ಟಗಳೂ ಹಾಗೇ ಹೋಗುತ್ತವೆ ಅನ್ನುವ ಭಯ. 1887ರಲ್ಲಿ ಆತ ಶಿಖರಗಳನ್ನು ಯಾರೂ ಭಾಗ ಮಾಡದಂತೆ ಸರ್ಕಾರದ ಕೈಗೆ ಒಪ್ಪಿಸಿದ. ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. ಅದು ದಾನವಲ್ಲ, ಜೊತೆಯಾಗಿ ಕಾಯೋಣ ಅನ್ನುವ ಮಾತು ಅಂತ ಆ ಬುಡಕಟ್ಟಿನವರು ಇವತ್ತಿಗೂ ಹೇಳುತ್ತಾರೆ.

ಗಾಳಿ ಜೋರಾಗಿತ್ತು. ಅಮ್ಮ ಮಗಳಿಗೆ ಟೋಪಿ ಹಾಕುತ್ತಿದ್ದಳು. ಬೆಟ್ಟ ನೋಡುತ್ತಲೇ ಅಪ್ಪ ಕೇಳಿದ: ‘ನಾನು ಹೋದ್ಮೇಲೆ ತೋಟಾನ ಏನ್ ಮಾಡ್ತೀಯ?’

ಮೂರು ಎಕರೆ ತೆಂಗಿನ ತೋಟ. ಅಪ್ಪನಿಗೆ ಎಪ್ಪತ್ತೊಂದು. ಹೈವೇ ಹತ್ತಿರ ಅಂತ ವರ್ಷದಿಂದ ಲೇಔಟ್ ಮಾಡೋರು ಮನೆಗೆ ಓಡಾಡುತ್ತಿದ್ದರು. ಅವರು ಹೇಳುವ ರೇಟು ನನ್ನ ಫ್ಲ್ಯಾಟ್ ಸಾಲವನ್ನು ಒಂದೇ ಏಟಿಗೆ ತೀರಿಸುತ್ತದೆ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಎತ್ತಿರಲಿಲ್ಲ.

‘ನಂಗೆ ಕೊಬ್ಬರಿ ಮಾಡೋಕೆ ಬರಲ್ಲ ಅಪ್ಪ. ಊರಿಗೆ ಬಂದಿರ್ತೀನಿ ಅಂತ ಸುಳ್ಳು ಹೇಳಲ್ಲ. ಸೈಟ್ ಮಾತ್ರ ಮಾಡಲ್ಲ.’

‘ಯಾರಿಗಾದ್ರೂ ವಾರಕ್ಕೆ ಕೊಡ್ತೀಯ?’

‘ಕೊಡ್ತೀನಿ. ನೀನೇ ಯಾರು ಅಂತ ಹೇಳು.’

‘ಹ್ಞೂಂ’ ಅಂದ. ನಮ್ಮಪ್ಪನ ‘ಹ್ಞೂಂ’ನಲ್ಲಿ ಹತ್ತು ಥರ ಇವೆ, ಇದು ಯಾವುದು ಅಂತ ನನಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆದರೆ ಆ ರಾತ್ರಿ ಮೋಟೆಲ್‌ನಲ್ಲಿ ಬಿಸಿಬೇಳೆಬಾತ್ ಪ್ಯಾಕೆಟ್ ಕತ್ತರಿಸಿ ತಿನ್ನುವಾಗ ಅವನು ಎರಡನೇ ಸಲ ಹಾಕಿಸಿಕೊಂಡ.

ಕೊನೆಗೆ ವೆಲ್ಲಿಂಗ್ಟನ್. ಊರಿನ ನಡುವಿನ ಮೌಂಟ್ ವಿಕ್ಟೋರಿಯಾದಲ್ಲಿ, ಕಪ್ಪು ಕುದುರೆಯವನಿಂದ ತಪ್ಪಿಸಿಕೊಳ್ಳಲು ನಾಲ್ವರು ಬೇರಿನ ಕೆಳಗೆ ಅಡಗುವ ಜಾಗ ಇದೆ. ಹೋಗಿ ನೋಡಿದರೆ ಕಾಲುದಾರಿ, ಪೈನ್ ಮರ, ಓಡುತ್ತಾ ಹೋಗುವ ಆಫೀಸಿನವರು. ಸಿನಿಮಾದ ಬೇರು ಸೆಟ್‌ನದು, ಶೂಟಿಂಗ್ ಆದ ಮೇಲೆ ತೆಗೆದುಕೊಂಡು ಹೋಗಿದ್ದಾರೆ. ‘ಇದ್ರಾಗೇನೈತೆ?’ ಅಂತ ಅಪ್ಪ ಈ ಸಲ ಕೇಳಲಿಲ್ಲ. ಮೊಮ್ಮಗಳ ಪಕ್ಕ ಅವನೂ ದಿಣ್ಣೆಗೆ ಒರಗಿ ಅಡಗಿ ಕೂತು, ಫೋಟೊ ತೆಗಿ ಅಂದ.

ವಾಪಸ್ ಬರುವ ವಿಮಾನದಲ್ಲಿ ಮಗಳ ಕೈಯಲ್ಲಿ ಅಂಗಡಿಯಲ್ಲಿ ಕೊಂಡ ಹಾಬಿಟ್‌ಗಳ ನಾಡಿನ ನಕ್ಷೆ ಇತ್ತು. ‘ತಾತ, ನಮ್ಮ ಊರಿಗೂ ಮ್ಯಾಪ್ ಇದೆಯಾ?’ ಅಂದಳು. ಅಪ್ಪ ಕನ್ನಡಕ ಹಾಕಿಕೊಂಡು, ಅದೇ ಹಾಳೆ ತಿರುಗಿಸಿ, ಗಗನಸಖಿಯ ಹತ್ತಿರ ಪೆನ್ ಕೇಳಿಸಿಕೊಂಡು ಗೀಚತೊಡಗಿದ. ನಾಲ್ಕು ಮೂಲೆಗೆ ಬಾಂದು ಕಲ್ಲು. ನೀರು ಬಿದ್ದ ಬೋರ್‌ವೆಲ್ ಒಂದು, ಬೀಳದ್ದು ಎರಡು. ನುಸಿ ಬಂದ ವರ್ಷ ಕಡಿದ ಸಾಲು. ಅವರಪ್ಪ ಇಟ್ಟ ಮರಗಳು, ಇವನು ಇಟ್ಟ ಮರಗಳು, ನಾನು ಹುಟ್ಟಿದ ವರ್ಷದ ಸಸಿ.

‘ಇಲ್ಲಿ ಯಾಕೆ ಖಾಲಿ ಬಿಟ್ಟೆ ತಾತ?’

‘ಅಲ್ಲೊಂದು ಗುಂಡಿ ತೆಗೆದೀವಿ. ಯುಗಾದಿಗೆ ಬಂದು ನೀನು ಒಂದು ಸಸಿ ಇಡು.’

ಹಾಂಗ್‌ಕಾಂಗ್ ಬರುವವರೆಗೂ ಇಬ್ಬರೂ ಆ ಸಸಿಗೆ ಏನು ಹೆಸರಿಡೋದು ಅಂತ ಜಗಳ ಆಡುತ್ತಿದ್ದರು.