ಸಾಂಟಾನಾ ಎಂದರೆ ಒಬ್ಬರಲ್ಲ

ಸಾಂಟಾನಾ ಎಂದೊಡನೆ ಮಾತು ಗಿಟಾರಿನ ಕಡೆಗೇ ತಿರುಗುತ್ತದೆ. ತಿರುಗಲಿ, ತಪ್ಪೇನಿಲ್ಲ. 1970ರಲ್ಲಿ ಬಂದ ‘ಅಬ್ರಾಕ್ಸಸ್’ ಆಲ್ಬಂನ ‘ಸಾಂಬಾ ಪಾ ಟಿ’ಯಲ್ಲಿ ಸಾಹಿತ್ಯವೇ ಇಲ್ಲ, ಆದರೂ ಕೇಳಿದವರು ಅದನ್ನು ಗುನುಗಿಕೊಂಡು ಓಡಾಡುತ್ತಾರೆ. ಕಾರ್ಲೋಸ್ ಸಾಂಟಾನಾರ ಬೆರಳಿನ ಕಸುವು ಅಂಥದ್ದು. ಆದರೆ ಆಗ ಸಾಂಟಾನಾ ಅನ್ನುವುದು ಆರು ಮಂದಿಯ ತಂಡದ ಹೆಸರೂ ಆಗಿತ್ತು. ಆ ಆರರಲ್ಲಿ ಮೂವರು ತಾಳದವರು: ಡ್ರಮ್ಸ್‌ಗೆ ಮೈಕೆಲ್ ಶ್ರೀವ್, ಕಾಂಗಾಕ್ಕೆ ಮೈಕ್ ಕಾರಬೆಲ್ಲೊ, ಟಿಂಬಾಲೆಗೆ ನಿಕರಾಗುವಾದ ಹೋಸೆ ‘ಚೆಪಿಟೊ’ ಆರೇಯಾಸ್. ನನ್ನನ್ನು ಕೇಳಿದರೆ ಈ ಆಲ್ಬಂ ಮೊದಲು ಅವರದು.

ಇದು ಬರಿಯ ಅಭಿಮಾನದ ಮಾತಲ್ಲ. ರಚನೆ ಯಾರದೆಂದು ನೋಡಿ. ಗಾಳಿಗಂಟೆಗಳ ಕಿಣಿಕಿಣಿಯಿಂದ ಶುರುವಾಗುವ ಮೊದಲ ಹಾಡು ಕಾರಬೆಲ್ಲೊ ಅವರದು. ‘ಸೆ ಆ ಕಾಬೊ’ ಮತ್ತು ಕೊನೆಯ ‘ಎಲ್ ನಿಕೋಯಾ’ ಚೆಪಿಟೊ ಅವರವು. ಒಂಬತ್ತರಲ್ಲಿ ಮೂರು ಆಯಿತು. ನಮ್ಮ ಕಛೇರಿಯಲ್ಲಿ ಪಕ್ಕವಾದ್ಯದವರಿಗೆ ತನಿ ಆವರ್ತನ ಬಿಟ್ಟುಕೊಡುತ್ತೇವೆ. ಇಲ್ಲಿ ಮಂಗಳವೇ ಅವರ ಕೈಯಲ್ಲಿ.

ಇನ್ನು ‘ಓಯೆ ಕೋಮೊ ವಾ’. ಅದು ನ್ಯೂಯಾರ್ಕಿನ ಟೀಟೊ ಪುವೆಂಟೆ 1962ರಲ್ಲಿ ಹೊರತಂದ ಚಾ-ಚಾ-ಚಾ. ಪುವೆಂಟೆ ಕೂಡ ಟಿಂಬಾಲೆಯ ಮಹಾರಾಜ, ಹಾಗಾಗಿ ಲೆಕ್ಕ ನಾಲ್ಕಕ್ಕೆ ಏರಿತು! ಮೂಲದಲ್ಲಿ ಕೊಳಲು, ಹಿತ್ತಾಳೆ ವಾದ್ಯಗಳ ಮೇಳ. ಸಾಂಟಾನಾ ತಂಡ ಕೊಳಲಿನ ಜಾಗಕ್ಕೆ ಗಿಟಾರು ತಂದಿತು, ಗ್ರೆಗ್ ರೋಲಿಯವರ ಹ್ಯಾಮಂಡ್ ಆರ್ಗನ್ನಿಗೆ ಕೆಳಗಿನ ಜಾಗ ಕೊಟ್ಟಿತು. ಹಾಡಿನ ಉದ್ದಕ್ಕೂ ಇರುವುದು ಹೆಚ್ಚುಕಡಿಮೆ ಎರಡೇ ಕಾರ್ಡು. ಬೇಸ್ ಮತ್ತು ಆರ್ಗನ್ ಒಂದೇ ಸಾಲನ್ನು ಹಿಡಿದು ತಿರುಗುತ್ತಲೇ ಇರುತ್ತವೆ. ಅದರ ಮೇಲೆ ಗ್ವೀರೊ: ಒಣಗಿದ ಸೋರೆಬುರುಡೆಗೆ ಗೀರು ಕೊರೆದು ಕಡ್ಡಿಯಿಂದ ಉಜ್ಜುವ ವಾದ್ಯ. ಒಂದು ಉದ್ದದ ಎಳೆತ, ಎರಡು ಗಿಡ್ಡದವು. ಒಮ್ಮೆ ಇಡೀ ಹಾಡನ್ನು ಆ ಗ್ವೀರೊ ಒಂದನ್ನೇ ಹಿಂಬಾಲಿಸಿ ಕೇಳಿ ನೋಡಿ. ಗಿಟಾರು ಯಾಕೆ ಅಷ್ಟು ನಿರಾಳವಾಗಿ ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ.

ಅಂದಹಾಗೆ, ಗಿಟಾರು ಅಲ್ಲಿ ಓಡಾಡುವ ಸ್ವರಗಳು ಪಾಶ್ಚಾತ್ಯರ ಡೋರಿಯನ್, ಅಂದರೆ ನಮ್ಮ ಖರಹರಪ್ರಿಯದ ಸ್ವರಗಳೇ. ಗಮಕವಿಲ್ಲ, ರಾಗದ ನಡೆಯೂ ಅಲ್ಲ. ಆದರೂ ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಅದು ಪರಕೀಯ ಅನ್ನಿಸದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಕಾರ್ಲೋಸ್ ಹುಟ್ಟಿದ್ದು ಮೆಕ್ಸಿಕೋದ ಆಟ್ಲಾನ್‌ನಲ್ಲಿ. ತಂದೆ ಮರಿಯಾಚಿ ಪಿಟೀಲುಗಾರ, ಮಗನಿಗೂ ಮೊದಲು ಪಿಟೀಲೇ. ಗಡಿಯೂರು ಟಿಹುವಾನಾದಲ್ಲಿ ಬ್ಲೂಸ್ ಕಿವಿಗೆ ಬಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಂಡ ಕಟ್ಟಿದಾಗ ಅದರ ಹೆಸರೇ ಸಾಂಟಾನಾ ಬ್ಲೂಸ್ ಬ್ಯಾಂಡ್. ಅದನ್ನು ಬ್ಲೂಸಿನ ದಾರಿಯಿಂದ ಈಚೆಗೆ ಎಳೆದು ತಂದದ್ದು ಕಾಂಗಾ, ಟಿಂಬಾಲೆಗಳು. ಪೀಟರ್ ಗ್ರೀನ್ ಬರೆದ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಅನ್ನು 1968ರ ಫ್ಲೀಟ್‌ವುಡ್ ಮ್ಯಾಕ್ ರೂಪದಲ್ಲಿ ಕೇಳಿ, ಆಮೇಲೆ ಇವರದನ್ನು ಕೇಳಿ. ಕಾಂಗಾ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಡು ಮುಗಿಯುವ ಹೊತ್ತಿಗೆ ಹಂಗೇರಿಯ ಗಾಬರ್ ಸಾಬೊ ಅವರ ‘ಜಿಪ್ಸಿ ಕ್ವೀನ್’ಗೆ ಜಾರುವ ಆ ತಿರುವಿನಲ್ಲಿ ತಾಳದ ಮೂವರೂ ಒಟ್ಟಿಗೆ ವೇಗ ಹೆಚ್ಚಿಸುತ್ತಾರೆ. ಆ ಜಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಹೊದಿಕೆಯ ಚಿತ್ರವನ್ನು ಮರೆಯುವ ಹಾಗಿಲ್ಲ. ಮಾಟಿ ಕ್ಲಾರ್ವೈನ್ 1961ರಲ್ಲಿ ಬರೆದ ‘ಅನನ್ಸಿಯೇಷನ್’ ಅದು. ಕೆಂಪು ರೆಕ್ಕೆಯ ದೇವದೂತಳನ್ನು ಎಲ್ಲರೂ ನೋಡುತ್ತಾರೆ. ಆಕೆಯ ತೊಡೆಗಳ ನಡುವೆ ಇರುವುದು ಒಂದು ಕಾಂಗಾ! ತಂಡ ಸುದ್ದಿಯಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಬರೆದ ಚಿತ್ರ. ಇದಕ್ಕಿಂತ ಒಪ್ಪುವ ಹೊದಿಕೆ ನನಗಂತೂ ಹೊಳೆಯುವುದಿಲ್ಲ.

ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತಂಡ ಮಾತ್ರ ಬಹಳ ದಿನ ಉಳಿಯಲಿಲ್ಲ. ಕಾರಬೆಲ್ಲೊ ಬಿಟ್ಟುಹೋದರು, ರೋಲಿ ಮುಂದೆ ಜರ್ನಿ ತಂಡ ಕಟ್ಟಿದರು. 2016ರಲ್ಲಿ ಬಂದ ‘ಸಾಂಟಾನಾ ಫೋರ್’ಗಾಗಿ ಕಾರ್ಲೋಸ್ ಜೊತೆ ರೋಲಿ, ಶ್ರೀವ್, ಕಾರಬೆಲ್ಲೊ ಮತ್ತೆ ಕೂಡಿದರು. ಒಳ್ಳೆಯ ಆಲ್ಬಂ, ಸಂತೋಷದಿಂದ ಕೇಳಿದ್ದೇನೆ. ಆದರೆ ಚೆಪಿಟೊ ಅದರಲ್ಲಿಲ್ಲ. ನನಗೆ ಅವರ ಟಿಂಬಾಲೆಯ ಪೆಟ್ಟೇ ಬೇಕಿತ್ತು.