ಕಡಲಿಲ್ಲದ ದ್ವೀಪದ ಸೈನ್ಯ

ಬಸವಕಲ್ಯಾಣ ಕೋಟೆಯ ಬುರುಜು ಏರಿದರೆ ಎದುರಿಗೇ ತೋಪು. ಬಿಸಿಲಿಗೆ ಕಾದ ಕೊಳವೆಗೆ ಕೈಯಿಟ್ಟವನು ಸರಕ್ಕನೆ ಹಿಂದಕ್ಕೆಳೆದುಕೊಂಡೆ! ಬಾಯೊಳಗೆ ಇಣುಕಿದರೆ ಬರೀ ಕತ್ತಲು, ಜೇಡರ ಬಲೆ. ಕೆಳಗೆ ಕಂದಕ, ಬಂದವನನ್ನು ತಿರುವಿ ತಿರುವಿ ದಣಿಸುವ ಬಾಗಿಲುಗಳು. 1657ರಲ್ಲಿ ಔರಂಗಜೇಬ್ ಇನ್ನೂ ಶಹಜಾದೆ. ಬೀದರ್ ಗೆದ್ದು ಬಂದವನನ್ನು ಈ ಕಪ್ಪು ಕಲ್ಲುಗಳು ತಿಂಗಳುಗಟ್ಟಲೆ ಹೊರಗೇ ನಿಲ್ಲಿಸಿದವು. ಕಲ್ಯಾಣಿ ಚಾಳುಕ್ಯರ ರಾಜಧಾನಿಯಾಗಿದ್ದ ಊರು ಅಂಥ ಪಾಠಗಳನ್ನು ಎಷ್ಟೋ ಸಲ ಕಲಿತಿತ್ತು.

ಮುಂದೆ ಈ ಊರು, ಆಗಿನ ಕಲ್ಯಾಣಿ, ಹೈದರಾಬಾದಿನ ನಿಜಾಮರ ಅಧೀನದಲ್ಲಿ ನವಾಬರ ಜಹಗೀರಾಯಿತು. ಹುಮನಾಬಾದ್ ಸೀಮೆಯ ಚಿಟಗುಪ್ಪ ಪೈಗಾ ಅಮೀರರ ಪಾಲಾಯಿತು. ಪೈಗಾ ಎಂದರೆ, ಕೊಟ್ಟ ಊರುಗಳ ಕಂದಾಯದಲ್ಲಿ ನಿಜಾಮರಿಗಾಗಿ ಸೈನ್ಯ ಸಾಕುವ ಹೊಣೆ. ಹೊಲದ ಜೋಳ ಇಲ್ಲಿ, ಅದನ್ನುಂಡ ಕುದುರೆ ಹೈದರಾಬಾದಿನಲ್ಲಿ!

1947ರ ಆಗಸ್ಟ್ ಬರುವಷ್ಟರಲ್ಲಿ, ಭಾರತಕ್ಕೆ ಸೇರದೆ ಉಳಿದ ಹೈದರಾಬಾದ್ ಸಂಸ್ಥಾನ ಕಡಲಿಲ್ಲದ ದ್ವೀಪ. ನಾಲ್ಕೂ ದಿಕ್ಕಿಗೆ ಭಾರತ, ಒಂದು ಬಂದರೂ ಇಲ್ಲ. ಶಸ್ತ್ರ ಬೇಕಾದರೆ ಆಕಾಶವೇ ದಾರಿ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಕದ್ದುಮುಚ್ಚಿ ಬಂದೂಕು ಹಾರಿಸಿಕೊಂಡು ಬಂದ. ಜನರಲ್ ಎಲ್ ಎದ್ರೂಸ್ ಕೈಕೆಳಗೆ ಸುಮಾರು 22,000 ಮಂದಿಯ ಸೈನ್ಯ. ಅದರಲ್ಲಿ ಕವಚ ವಾಹನಗಳ ದಳ, ಕಾಲ್ದಳ, ಫಿರಂಗಿ, ಜೊತೆಗೆ ಕುದುರೆ ದಳ. ಹೈದರಾಬಾದ್ ಲ್ಯಾನ್ಸರ್ಸ್, ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದ ಬ್ರಿಗೇಡಿನಲ್ಲೇ 1918ರಲ್ಲಿ ಪಾಲಸ್ತೀನದ ರಣರಂಗ ಕಂಡ ಪಡೆ. ಇದರ ಮೇಲೆ ಪೈಗಾ ಪಡೆ, ಅರಬ್ಬರ ಪಡೆ. ಸಾಲದ್ದಕ್ಕೆ ರಜಾಕಾರರು ಎಂಬ ಖಾಸಿಂ ರಜ್ವಿಯ ಖಾಸಗಿ ಪಡೆ. ಮೂರು ಶತಮಾನದ ಸೈನ್ಯಗಳು ಒಂದೇ ಸಂಬಳದ ಪಟ್ಟಿಯಲ್ಲಿದ್ದಂತೆ!

ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹಿಡಿದು ಹುಮನಾಬಾದಿನತ್ತ ಹೊರಟೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಈ ರಸ್ತೆಯಲ್ಲಿ ಈಗ ಲಾರಿಗಳ ಸಾಲು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಟ್ಯಾಂಕುಗಳು ಹೊರಟದ್ದೂ ಇದೇ ದಾರಿಯಲ್ಲಿ. ಮೊದಲ ದಿನ ನಳದುರ್ಗ, ಮರುದಿನ ಉಮರ್ಗಾ. ಆಮೇಲೆ ನಮ್ಮ ರಾಜೇಶ್ವರ. ಅಲ್ಲಿಗೆ ದಾರಿ ಬಿಡಿಸಿದ್ದು ಟೆಂಪೆಸ್ಟ್ ವಿಮಾನಗಳು. ಮುಂದೆ ಜಹೀರಾಬಾದಿನ ದಿಕ್ಕು. 17ರ ಸಂಜೆ ಕದನ ವಿರಾಮ, 18ಕ್ಕೆ ಎಲ್ ಎದ್ರೂಸ್ ಶರಣು. ತಿಂಗಳುಗಟ್ಟಲೆ ಔರಂಗಜೇಬನನ್ನು ಕಾಯಿಸಿದ ನೆಲ ಐದೇ ದಿನದಲ್ಲಿ ಕೈಬದಲಾಯಿತು!

ಟ್ಯಾಂಕಿನ ಬಲ ದೊಡ್ಡದು, ನಿಜ. ಆದರೆ ಬಸವಕಲ್ಯಾಣದ ಹತ್ತಿರದ ಗೋರ್ಟಾ ಇನ್ನೊಂದು ಕಾರಣ ಹೇಳುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಆ ಹಳ್ಳಿಯ ಜನರನ್ನು ಕೊಚ್ಚಿ ಹಾಕಿದ್ದರು. ಹಳೆಯ ತೋಪುಗಳ ಬಾಯಿ ಹೊರಗೆ ತಿರುಗಿತ್ತು. ಆ ವರ್ಷ ಕೋವಿ ಒಳಕ್ಕೆ ತಿರುಗಿತು. ಕುದುರೆ, ಫಿರಂಗಿ, ವಿಮಾನದಲ್ಲಿ ಬಂದ ಬಂದೂಕು ಎಲ್ಲವೂ ಇದ್ದ ದ್ವೀಪಕ್ಕೆ, ಕಾಯಲು ಮನಸ್ಸಿದ್ದ ಊರುಗಳೇ ಉಳಿದಿರಲಿಲ್ಲ. ಕಲ್ಯಾಣ ಕರ್ನಾಟಕ ಇಂದಿಗೂ ಸೆಪ್ಟೆಂಬರ್ 17ರಂದು ಧ್ವಜ ಏರಿಸಿ ಎರಡನೇ ಸ್ವಾತಂತ್ರ್ಯ ಆಚರಿಸುವುದು ಅದಕ್ಕೇ.